ಸ್ಲೈಡಿನಲ್ಲಿ ಗುಲಾಬಿ, ರೆಕಾರ್ಡಿನಲ್ಲಿ ನೇರಳೆ

ಎರಡನೇ ವರ್ಷದ ಡಿಗ್ರಿ ಮಕ್ಕಳ ಲ್ಯಾಬ್. ಗ್ರಾಮ್ ಸ್ಟೇನ್, ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಬಗೆಯಾಗಿ ಗುರುತಿಸುವ ಕೆಲಸ ಮಾಡುವ ದಿನ. ಎಲ್ಲರಿಗೂ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕೊಟ್ಟಿದ್ದೆ. ಅದು ಗ್ರಾಮ್ ಪಾಸಿಟಿವ್. ಬಣ್ಣ ಹಾಕಿ, ತೊಳೆದು ಎಲ್ಲ ಮುಗಿದ ಮೇಲೆ ನೇರಳೆಯಾಗಿ ಕಾಣಬೇಕು. ಒಬ್ಬಳು ಹುಡುಗಿ ಬಹಳ ಹೊತ್ತು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಳು. ಆಮೇಲೆ ರೆಕಾರ್ಡ್ ತೆಗೆದು, ನೇರಳೆ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಕಡ್ಡಿಗಳನ್ನು ನೀಟಾಗಿ ಬರೆದಳು. ನಾನು ಅವಳ ಸ್ಲೈಡ್ ನೋಡಿದೆ. ಎಲ್ಲವೂ ಗುಲಾಬಿ. ನೇರಳೆ ಒಂದೂ ಇಲ್ಲ.

"ಇಲ್ಲಿ ಗುಲಾಬಿ ಉಂಟಲ್ಲ ಮಾರಾಯ್ತಿ?"

"ಹೌದು ಸಾರ್. ಆದ್ರೆ ಪುಸ್ತಕದಲ್ಲಿ ನೇರಳೆ ಅಂತ ಉಂಟು."

ಬೈಯಲು ಬಾಯಿ ಬರಲಿಲ್ಲ. ನಾನೂ ಓದುವಾಗ ಅದನ್ನೇ ಮಾಡಿದವನು. ನಾನಿದ್ದ ಕಾಲೇಜಿನಲ್ಲಿ ಇಪ್ಪತ್ತೆರಡು ಜನಕ್ಕೆ ನೆಟ್ಟಗೆ ಕೆಲಸ ಮಾಡುವ ಮೈಕ್ರೋಸ್ಕೋಪ್ ಒಂದೇ. ಸಾಲಿನಲ್ಲಿ ನಿಂತು ತಲಾ ಅರ್ಧ ನಿಮಿಷ ಇಣುಕುತ್ತಿದ್ದೆವು. ಎಂತ ಕಂಡಿತು ಅಂತ ಯಾರೂ ಕೇಳುತ್ತಿರಲಿಲ್ಲ. ಹಿಂದಿನ ವರ್ಷದವರ ರೆಕಾರ್ಡ್ ತಂದು ಚಿತ್ರ ಇಳಿಸಿದರೆ ಸಹಿ ಸಿಗುತ್ತಿತ್ತು. ಮೂರು ವರ್ಷ ನಾನು ಬ್ಯಾಕ್ಟೀರಿಯಾ ಅಂದುಕೊಂಡು ನೋಡಿದ್ದು ನನ್ನದೇ ರೆಪ್ಪೆಕೂದಲು ಇರಬೇಕು ಅಂತ ಈಗ ಗುಮಾನಿ.

ಮೈಕ್ರೋಬಯಾಲಜಿ ಕಲಿಸುವುದರಲ್ಲಿ ಒಂದು ವಿಚಿತ್ರ ಕಷ್ಟ ಉಂಟು. ಬಾಟನಿಯವರ ಎಲೆ ಕೈಗೆ ಸಿಗುತ್ತದೆ. ಕೆಮಿಸ್ಟ್ರಿಯವರ ಟೆಸ್ಟ್‌ಟ್ಯೂಬಿನಲ್ಲಿ ಕಣ್ಣೆದುರೇ ಬಣ್ಣ ಬದಲಾಗುತ್ತದೆ. ನಮ್ಮ ಪಾಠದ ನಾಯಕ ಮಾತ್ರ ಕಾಣುವುದಿಲ್ಲ. ಕರುಳಿನಲ್ಲಿರುವ ಈ. ಕೋಲಿ ಬ್ಯಾಕ್ಟೀರಿಯಾವನ್ನು ಉದ್ದಕ್ಕೆ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ ಸುಮಾರು 500 ಹಿಡಿಸುತ್ತವೆ. ಕಾಣದ ವಸ್ತು ಬರೀ ಶಬ್ದವಾಗಿಬಿಡುತ್ತದೆ. ಶಬ್ದವನ್ನು ಬಾಯಿಪಾಠ ಮಾಡಬಹುದು. ಹಾಗಾಗಿ ಬ್ಯಾಕ್ಟೀರಿಯಾದ ಗೋಡೆ ಎಂತದ್ದು ಅಂದರೆ ಪೆಪ್ಟಿಡೋಗ್ಲೈಕಾನ್ ಅಂತ ತಪ್ಪಿಲ್ಲದೆ ಬರೆಯುವ ಹುಡುಗನಿಗೆ ತನ್ನ ಸ್ಲೈಡ್ ಯಾಕೆ ಗುಲಾಬಿಯಾಯಿತು ಅಂತ ಹೇಳಲು ಬರುವುದಿಲ್ಲ.

ಇದಕ್ಕೆ ಮದ್ದು ಏನು ಅಂತ ಕೇಳಿದರೆ ಎಲ್ಲರೂ "ಚಟುವಟಿಕೆ ಮಾಡಿಸಿ" ಅನ್ನುತ್ತಾರೆ. ಮಾತು ಸುಳ್ಳಲ್ಲ. 2014ರಲ್ಲಿ ಅಮೆರಿಕದ ಸಂಶೋಧಕರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಬರೀ ಉಪನ್ಯಾಸ ಕೇಳಿದ ಕಡೆ 100ಕ್ಕೆ ಸುಮಾರು 34 ಜನ ಫೇಲಾಗಿದ್ದರು. ಚರ್ಚೆ, ಲೆಕ್ಕ, ಕೈಕೆಲಸ ಸೇರಿದ ಕಡೆ ಸುಮಾರು 22. ಸಣ್ಣ ವ್ಯತ್ಯಾಸ ಅಲ್ಲ.

ಆದರೆ ಎಲ್ಲ ಚಟುವಟಿಕೆಯೂ ಒಂದೇ ಅಲ್ಲ. ಥರ್ಮೋಕೋಲಿನಲ್ಲಿ ವೈರಸ್ ಮಾಡಿ, ಗ್ಲಿಟರ್ ಅಂಟಿಸಿ ತರುತ್ತಾರೆ. ಚಂದ ಉಂಟು, ಗೋಡೆಗೆ ಒಪ್ಪುತ್ತದೆ. ಸೆಮಿನಾರ್ ಅಂತ ಪವರ್‌ಪಾಯಿಂಟಿನಲ್ಲಿ ಬರೆದದ್ದನ್ನೇ ಗೋಡೆ ಕಡೆ ತಿರುಗಿ ಓದುತ್ತಾರೆ. ಕೈಗೆ ಕೆಲಸ, ತಲೆಗೆ ರಜೆ. ಲ್ಯಾಬ್ ಕೂಡ ಹೀಗಾಗಬಹುದು. ಹಂತ ಹಂತವಾಗಿ ಬರೆದುಕೊಟ್ಟದ್ದನ್ನು ಮಾಡಿ ಮುಗಿಸಿದರೆ ಅದು ಪುಸ್ತಕ ನೋಡಿ ಮಾಡಿದ ಅಡುಗೆ. ರುಚಿ ನೋಡುವವರೂ ಇಲ್ಲ.

ನಾನು ಈಗ ನೋಡುವುದು ಒಂದೇ. ಫಲಿತಾಂಶ ಗೊತ್ತಾಗುವ ಮೊದಲು ಮಕ್ಕಳು ಒಂದು ಮಾತಿಗೆ ಕಟ್ಟುಬಿದ್ದಿದ್ದಾರಾ? ಅದಕ್ಕಾಗಿ ಚೀಟಿ ಇಟ್ಟಿದ್ದೇನೆ. ಹಳೆಯ ಉತ್ತರಪತ್ರಿಕೆಯ ಹಿಂಬದಿಯ ಖಾಲಿ ಕಾಗದ, ಅಂಗೈ ಅಗಲ. "ಏನಾಗುತ್ತದೆ, ಯಾಕೆ?" ಎರಡು ಸಾಲು. ಹೆಸರು ಬರೆದು ಮಡಚಿ ಡಬ್ಬಿಗೆ ಹಾಕಬೇಕು. ಮಾರ್ಕ್ ಇಲ್ಲ. ಊಹೆ ತಪ್ಪಾದರೆ ಒಳ್ಳೆಯದೇ. ತಪ್ಪಿದ ಊಹೆಯನ್ನು ಮನಸ್ಸು ಬಿಡುವುದಿಲ್ಲ.

ಗ್ರಾಮ್ ಸ್ಟೇನಿಗೇ ಬರುತ್ತೇನೆ. ಮೊದಲು ಕ್ರಿಸ್ಟಲ್ ವಯಲೆಟ್, ಒಂದು ನಿಮಿಷ. ಆಮೇಲೆ ಅಯೋಡಿನ್, ಒಂದು ನಿಮಿಷ. ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯುವುದು, ಕೆಲವೇ ಸೆಕೆಂಡು. ಕೊನೆಗೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ. ಪುಸ್ತಕದಲ್ಲಿ ಇಷ್ಟೇ. ಒಳಗೆ ನಡೆಯುವುದು ಏನು? ಬಣ್ಣ ಮತ್ತು ಅಯೋಡಿನ್ ಸೇರಿ ದೊಡ್ಡ ದೊಡ್ಡ ಮುದ್ದೆಗಳಾಗುತ್ತವೆ. ಗ್ರಾಮ್ ಪಾಸಿಟಿವ್ ಜೀವಕೋಶದ ಗೋಡೆ ದಪ್ಪ. ಆಲ್ಕೋಹಾಲ್ ತಾಗಿದಾಗ ಅದು ನೀರು ಕಳೆದುಕೊಂಡು ಬಿಗಿಯಾಗುತ್ತದೆ. ಅಡಿಕೆ ತುಂಬಿದ ಗೋಣಿಯ ಬಾಯಿ ಹೊಲಿದ ಹಾಗೆ. ಒಳಗಿನ ಬಣ್ಣ ಒಳಗೇ. ಗ್ರಾಮ್ ನೆಗೆಟಿವ್‌ಗೆ ಗೋಡೆ ತೆಳು, ಹೊರಗೊಂದು ಕೊಬ್ಬಿನ ಪೊರೆ. ಆಲ್ಕೋಹಾಲ್ ಆ ಪೊರೆಯನ್ನು ಕರಗಿಸುತ್ತದೆ, ನೇರಳೆ ಸೋರಿಹೋಗುತ್ತದೆ. ಖಾಲಿಯಾದ ಕೋಶಕ್ಕೆ ಕೊನೆಯ ಕೆಂಪು ಹಿಡಿದು ಗುಲಾಬಿ ಕಾಣುತ್ತದೆ.

ಈಗ ನಾನು ಈ ಲ್ಯಾಬನ್ನು ಬೇಕೆಂದೇ ಕೆಡಿಸುತ್ತೇನೆ. ನಾಲ್ಕು ಬೆಂಚು, ನಾಲ್ಕಕ್ಕೂ ಅದೇ ಬ್ಯಾಸಿಲಸ್. ಮೊದಲ ಬೆಂಚಿನವರು ಎಲ್ಲವನ್ನೂ ಸರಿಯಾಗಿ ಮಾಡಬೇಕು. ಎರಡನೆಯವರು ಅಯೋಡಿನ್ ಹಾಕುವುದನ್ನೇ ಬಿಡಬೇಕು. ಮೂರನೆಯವರು ಆಲ್ಕೋಹಾಲನ್ನು ಪೂರಾ ಒಂದು ನಿಮಿಷ ಸುರಿಯಬೇಕು. ನಾಲ್ಕನೆಯವರಿಗೆ ಕೊಡುವುದು ನಾಲ್ಕು ದಿನ ಹಳೆಯ ಕಲ್ಚರ್, ಅಂದರೆ ಬೆಳೆಸಿಟ್ಟ ಬ್ಯಾಕ್ಟೀರಿಯಾ. ಶುರು ಮಾಡುವ ಮೊದಲು ನಾಲ್ಕೂ ಬೆಂಚಿನ ಬಣ್ಣ ಏನಾಗಬಹುದು ಅಂತ ಎಲ್ಲರೂ ಚೀಟಿ ಹಾಕಬೇಕು.

ಅಯೋಡಿನ್ ಬಿಟ್ಟವರ ಸ್ಲೈಡಿನಲ್ಲಿ ಮುದ್ದೆ ಕಟ್ಟಲಿಲ್ಲ, ಬಣ್ಣ ಸುಲಭವಾಗಿ ಜಾರಿತು, ಗುಲಾಬಿ. ಆಲ್ಕೋಹಾಲ್ ಜಾಸ್ತಿ ಸುರಿದವರದ್ದೂ ಹೆಚ್ಚುಕಡಿಮೆ ಗುಲಾಬಿಯೇ. ಹಳೆಯ ಕಲ್ಚರಿನವರಿಗೆ ಮಜಾ. ಕೆಲವು ನೇರಳೆ, ಕೆಲವು ಗುಲಾಬಿ, ನಡುವೆ ಬಣ್ಣವೇ ಹಿಡಿಯದ ಬಿಳಿ ತೂತಿನಂಥ ಸ್ಪೋರ್‌ಗಳು, ಅಂದರೆ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ಮಾಡಿಕೊಳ್ಳುವ ಗಟ್ಟಿ ಬೀಜಕಣಗಳು. ಮುದಿಯಾದ ಕೋಶಗಳ ಗೋಡೆ ಸಡಿಲ, ಬಣ್ಣ ಉಳಿಸಿಕೊಳ್ಳಲು ಆಗುವುದಿಲ್ಲ. ಹೀಗೆ ನೋಡಿದ ಮೇಲೆ ಗುಲಾಬಿ ಸ್ಲೈಡ್ ನಾಚಿಕೆಯ ವಿಷಯವಾಗಿ ಉಳಿಯುವುದಿಲ್ಲ. ಅದು ಸುಳಿವು. ಯಾವ ಹಂತದಲ್ಲಿ ಏನಾಯಿತು ಅಂತ ಹುಡುಕಬಹುದು. ರೆಕಾರ್ಡಿನಲ್ಲಿ ಕಂಡ ಬಣ್ಣವನ್ನೇ ಬರೆಯಬೇಕು, ಯಾಕೆ ಹಾಗಾಯಿತು ಅಂತ ಕೆಳಗೆ ಒಂದು ಸಾಲು ಬೇಕು. ಇದು ನನ್ನ ಲ್ಯಾಬಿನ ಕಾನೂನು.

ಈ ವಿಧಾನ ಹುಟ್ಟಿದ್ದೂ ಹೀಗೇ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬರ್ಲಿನ್‌ನಲ್ಲಿ ಇದನ್ನು ಪ್ರಕಟಿಸಿದ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಬೇಕು ಎನ್ನುವುದು ಅವನ ಗುರಿ. ಟೈಫಾಯ್ಡ್ ಬ್ಯಾಕ್ಟೀರಿಯಾದಲ್ಲಿ ಬಣ್ಣ ನಿಲ್ಲಲಿಲ್ಲ. ತನ್ನ ವಿಧಾನದಲ್ಲಿ ಇನ್ನೂ ಕುಂದು ಉಂಟು ಅಂತ ಅವನೇ ಬರೆದ. ಆ ಕುಂದನ್ನೇ ನಾವು ಇವತ್ತು ಬ್ಯಾಕ್ಟೀರಿಯಾಗಳನ್ನು ಎರಡು ಪಾಲು ಮಾಡಲು ಬಳಸುವುದು.

ಎರಡನೆಯ ಕಷ್ಟ ಲೆಕ್ಕ. ಸೀರಿಯಲ್ ಡೈಲ್ಯೂಷನ್, ಹಂತ ಹಂತವಾಗಿ ತೆಳು ಮಾಡುವುದು, ಅಂದರೆ ನಮ್ಮ ಮಕ್ಕಳಿಗೆ ಹೊಟ್ಟೆನೋವು. ಹತ್ತರ ಮೇಲೆ ಮೈನಸ್ ಆರು ಅಂತ ಬೋರ್ಡಿನಲ್ಲಿ ಬರೆದ ಕೂಡಲೇ ಮುಖ ಬಾಡುತ್ತದೆ. ಇದಕ್ಕೆ ನನಗೆ ಸಿಕ್ಕಿದ ಉಪಾಯ ಪುನರ್ಪುಳಿ, ಅಂದರೆ ಕೋಕಂ ಹಣ್ಣು. ಬೇಸಿಗೆಯಲ್ಲಿ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಸಕ್ಕರೆ ಹಾಕದ ದಪ್ಪ ರಸ ತರಿಸುತ್ತೇನೆ. ಆರು ಟ್ಯೂಬ್, ಒಂದೊಂದರಲ್ಲಿ 9 ಮಿಲಿ ನೀರು. ಮೊದಲನೆಯದಕ್ಕೆ 1 ಮಿಲಿ ರಸ. ಕಲಕಿ, ಅದರಿಂದ 1 ಮಿಲಿ ಎರಡನೆಯದಕ್ಕೆ. ಹೀಗೆ ಆರರವರೆಗೆ. ಒಂದೊಂದು ಹೆಜ್ಜೆಗೂ ಹತ್ತು ಪಾಲು ತೆಳು.

ಮೊದಲನೆಯದು ಕೆಂಪು. ಎರಡನೆಯದು ತಿಳಿ ಕೆಂಪು. ಆಮೇಲಿನದರಲ್ಲಿ ಬಣ್ಣ ಹುಡುಕಬೇಕು. ಆರನೆಯದು ಬಾವಿ ನೀರಿನ ಹಾಗೆ. ಆಗ ಚೀಟಿ: ಆರನೆಯದರಲ್ಲಿ ಪುನರ್ಪುಳಿ ಉಂಟೋ ಇಲ್ಲವೋ? ಅರ್ಧ ಕ್ಲಾಸ್ "ಇಲ್ಲ" ಅಂತ ಬರೆಯುತ್ತದೆ.

ಈಗ ರಸದ ಬದಲು ಬ್ಯಾಕ್ಟೀರಿಯಾ ಅಂತ ಇಟ್ಟುಕೊಳ್ಳಿ. ಶುರುವಿನಲ್ಲಿ 1 ಮಿಲಿಯಲ್ಲಿ 10 ಕೋಟಿ. ಮೊದಲ ಟ್ಯೂಬಿನಲ್ಲಿ ಮಿಲಿಗೆ 1 ಕೋಟಿ, ಎರಡನೆಯದರಲ್ಲಿ 10 ಲಕ್ಷ, ಮೂರರಲ್ಲಿ 1 ಲಕ್ಷ, ನಾಲ್ಕರಲ್ಲಿ 10,000, ಐದರಲ್ಲಿ 1,000, ಆರರಲ್ಲಿ 100. ಕಣ್ಣಿಗೆ ಶುದ್ಧ ನೀರು. ಅದರಿಂದ 1 ಮಿಲಿ ತೆಗೆದು ಅಗರ್ ತಟ್ಟೆಗೆ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರದ ತಟ್ಟೆ) ಹಾಕಿ ಮರುದಿನ ನೋಡಿದರೆ 100 ಕಾಲನಿ. ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವಷ್ಟು ದೊಡ್ಡ ಸಂಸಾರವಾಗಿರುತ್ತದೆ. ಕಾಣದ್ದನ್ನು ಎಣಿಸುವ ಉಪಾಯ ಇದು. ಎಣಿಸಲು ಆಗುವಷ್ಟು ತೆಳು ಮಾಡು, ಬೆಳೆಯಲು ಬಿಡು, ಎಣಿಸು, ತೆಳು ಮಾಡಿದಷ್ಟೇ ಗುಣಿಸು. ತಟ್ಟೆಯಲ್ಲಿ 300ಕ್ಕಿಂತ ಜಾಸ್ತಿ ಬಂದರೆ ಒಂದರ ಮೇಲೊಂದು ಬಿದ್ದು ಲೆಕ್ಕ ತಪ್ಪುತ್ತದೆ. 30ಕ್ಕಿಂತ ಕಮ್ಮಿ ಬಂದರೆ ಅದೃಷ್ಟದ ಪಾಲೇ ದೊಡ್ಡದು. ಹಾಗಾಗಿ ಇವೆರಡರ ನಡುವಿನ ತಟ್ಟೆಯನ್ನು ಮಾತ್ರ ನಂಬುವುದು.

ಪುನರ್ಪುಳಿಯ ದೊಡ್ಡ ಉಪಕಾರ ಇನ್ನೊಂದು. ಬ್ಯಾಕ್ಟೀರಿಯಾ ಇರುವ ಟ್ಯೂಬಿನಲ್ಲಿ ಹಳೆಯ ಪಿಪೆಟ್ಟನ್ನೇ ಮುಂದಕ್ಕೆ ಬಳಸಿದರೆ ತಪ್ಪು ಕಾಣುವುದಿಲ್ಲ, ಮರುದಿನದ ಲೆಕ್ಕ ಮಾತ್ರ ಅಡ್ಡಾದಿಡ್ಡಿ. ಇಲ್ಲಿ ಹಾಗಲ್ಲ. ಕೆಂಪಾದ ಪಿಪೆಟ್ ನಾಲ್ಕನೇ ಟ್ಯೂಬಿಗೆ ಇಳಿದ ಕೂಡಲೇ ಒಂದು ಕೆಂಪು ಎಳೆ ನೀರಿನಲ್ಲಿ ಇಳಿಯುತ್ತದೆ. "ಅಯ್ಯೋ" ಅಂತ ಅವರೇ ಕೂಗುತ್ತಾರೆ. ಪಿಪೆಟ್ ಬದಲಿಸಿ ಅಂತ ನಾನು ನೂರು ಸಲ ಹೇಳಿದರೂ ಆಗದ ಕೆಲಸ ಅದು.

ಸಣ್ಣ ವಿಷಯಕ್ಕೂ ಹೀಗೆ ಮಾಡಬಹುದು. ತಟ್ಟೆಗೆ ಅಗರ್ ಯಾಕೆ, ಜೆಲಾಟಿನ್ ಆಗದಾ? ಎರಡನ್ನೂ ಒಂದೊಂದು ಲೋಟದಲ್ಲಿ ಗಟ್ಟಿ ಮಾಡಿ ಏಪ್ರಿಲ್ ಮಧ್ಯಾಹ್ನ ಕಿಟಕಿಯ ಬಿಸಿಲಿಗಿಟ್ಟೆವು. ಊಟ ಮುಗಿಸಿ ಬರುವಾಗ ಜೆಲಾಟಿನ್ ನೀರಾಗಿತ್ತು. ಅಗರ್ ಅಲುಗಲಿಲ್ಲ. ಅದು ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. 37 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವವರಿಗೆ ಇದೇ ಬೇಕಾದ್ದು. 1881ರಲ್ಲಿ ಈ ಉಪಾಯ ಹೇಳಿದ್ದು ಬ್ಯಾಕ್ಟೀರಿಯಾ ಸಂಶೋಧಕ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ. ಅವಳು ಅಡುಗೆಮನೆಯಲ್ಲಿ ಅದನ್ನು ಬಳಸುತ್ತಿದ್ದಳು. ಇದನ್ನು ಹೇಳುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಸಾರ್, ಇದು ಚೈನಾ ಗ್ರಾಸ್ ಅಲ್ವಾ? ನೋಂಬಿಗೆ ಉಮ್ಮ ಪುಡ್ಡಿಂಗ್ ಮಾಡುವುದು ಇದರಲ್ಲೇ" ಅಂದಳು. ಆ ದಿನದ ಪಾಠ ಅವಳದ್ದೇ ಆಯಿತು.

ಅತಿ ಗಟ್ಟಿಯಾಗಿ ಬೇರುಬಿಟ್ಟ ತಪ್ಪು ತಿಳುವಳಿಕೆ ಇರುವುದು ಆಂಟಿಬಯೋಟಿಕ್ ವಿಷಯದಲ್ಲಿ. "ಮದ್ದು ತಿಂದು ತಿಂದು ಬ್ಯಾಕ್ಟೀರಿಯಾಕ್ಕೆ ಅಭ್ಯಾಸ ಆಗುತ್ತದೆ." ಚೀಟಿ ಹಾಕಿಸಿದರೆ ಮುಕ್ಕಾಲು ಪಾಲು ಜನ ಇದನ್ನೇ ಬರೆಯುತ್ತಾರೆ. ಕುಡುಕನಿಗೆ ಕಳ್ಳು ಅಭ್ಯಾಸವಾದ ಹಾಗೆ ಅಂತ ಉದಾಹರಣೆ ಬೇರೆ. ಇದನ್ನು ತಪ್ಪು ಅಂತ ಹೇಳಿದರೆ ತಲೆಯಾಡಿಸುತ್ತಾರೆ. ಪರೀಕ್ಷೆಯಲ್ಲಿ ಮತ್ತೆ ಅದನ್ನೇ ಬರೆಯುತ್ತಾರೆ.

1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ಇಬ್ಬರು ವಿಜ್ಞಾನಿಗಳು ಇಂಥದ್ದನ್ನೇ ಪರೀಕ್ಷಿಸಿದರು. ಅಲ್ಲಿ ಇದ್ದದ್ದು ಆಂಟಿಬಯೋಟಿಕ್ ಅಲ್ಲ, ಬ್ಯಾಕ್ಟೀರಿಯಾ ಕೊಲ್ಲುವ ವೈರಸ್. ಪ್ರಶ್ನೆ ಒಂದೇ. ವೈರಸ್ ತಾಗಿದ ಮೇಲೆ ಬ್ಯಾಕ್ಟೀರಿಯಾ ತಾಳಿಕೊಳ್ಳಲು ಕಲಿಯುತ್ತದೋ, ಅಥವಾ ಮೊದಲೇ ಯಾವುದೋ ಒಂದಕ್ಕೆ ಆ ಗುಣ ಸುಮ್ನೆ ಬಂದಿರುತ್ತದೋ? ಲೂರಿಯಾನಿಗೆ ದಾರಿ ಹೊಳೆದದ್ದು ಒಂದು ಪಾರ್ಟಿಯಲ್ಲಿ ಜೂಜಿನ ಯಂತ್ರ ನೋಡುವಾಗ. ಯಂತ್ರ ಹೆಚ್ಚಿನ ಸಲ ಏನೂ ಕೊಡುವುದಿಲ್ಲ, ಯಾವಾಗಲೋ ಒಮ್ಮೆ ರಾಶಿ ಸುರಿಯುತ್ತದೆ.

ಜೂಜಿನ ಯಂತ್ರ ನಮ್ಮ ಮಕ್ಕಳು ಕಂಡವರಲ್ಲ. ಆದರೆ ಲಾಟರಿ ಗೊತ್ತಿಲ್ಲದ ಮಗು ಕಾಸರಗೋಡಿನಲ್ಲಿ ಇಲ್ಲ. ಕೇರಳ ಸರ್ಕಾರವೇ 1967ರಿಂದ ಲಾಟರಿ ನಡೆಸುತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ತೋರಣ ಕಟ್ಟಿರುತ್ತದೆ. ಹಾಗಾಗಿ ನಾನು ಕೇಳುವುದು ಹೀಗೆ: ಗೆದ್ದವನ ಟಿಕೆಟಿನಲ್ಲಿ ಡ್ರಾ ನೋಡಿದ ಮೇಲೆ ನಂಬರ್ ಬದಲಾಯಿತೋ, ಆ ನಂಬರ್ ಮೊದಲೇ ಇತ್ತೋ?

ಆಮೇಲೆ ಆಟ. ಎಂಟು ಗುಂಪು. ಹುಣಸೆ ಬೀಜ ಅಂದರೆ ಸಾಮಾನ್ಯ ಬ್ಯಾಕ್ಟೀರಿಯಾ, ಚೆನ್ನೆಮಣೆಯ ಕೆಂಪು ಕಾಯಿ ಅಂದರೆ ಮದ್ದಿಗೆ ಸಾಯದ್ದು. ಒಂದು ಹುಣಸೆ ಬೀಜದಿಂದ ಶುರು. ಒಂದು ಎರಡಾಗಬೇಕು, ಎರಡು ನಾಲ್ಕು, ಹೀಗೆ ಐದು ತಲೆಮಾರಿಗೆ 32. ಹುಟ್ಟುವ ಪ್ರತಿಯೊಂದಕ್ಕೂ ಲೂಡೋದ ಎರಡು ದಾಳ ಹಾಕಬೇಕು. ಎರಡರಲ್ಲೂ ಆರು ಬಿದ್ದರೆ ಅದು ಕೆಂಪು ಕಾಯಿ. ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಕೆಂಪೇ. ಇನ್ನೊಂದು ಸುತ್ತಿನಲ್ಲಿ ದಾಳ ಹಾಕದೆ 32ರವರೆಗೆ ಬೆಳೆಸಿ, ಕೊನೆಗೆ ಒಂದೊಂದಕ್ಕೆ ಒಮ್ಮೆ ಮಾತ್ರ ದಾಳ. ಇದು "ಮದ್ದು ತಾಗಿದ ಮೇಲೆ ಕಲಿಯುವ" ಬ್ಯಾಕ್ಟೀರಿಯಾ.

ಒಮ್ಮೆ ಬಂದ ಲೆಕ್ಕ ಬೋರ್ಡಿನಲ್ಲಿ ಹೀಗಿತ್ತು. ಕೊನೆಗೆ ದಾಳ ಹಾಕಿದವರದ್ದು: 0, 1, 1, 0, 2, 1, 0, 1. ದಾರಿಯುದ್ದಕ್ಕೂ ಹಾಕಿದವರದ್ದು: 0, 1, 1, 3, 0, 2, 17, 1. ಆ 17 ಬಂದ ಗುಂಪು ಮೋಸ ಮಾಡಿದೆ ಅಂತ ಗಲಾಟೆಯೇ ಎದ್ದಿತು. ಮೋಸ ಅಲ್ಲ. ಅವರಿಗೆ ಮೊದಲ ತಲೆಮಾರಿನಲ್ಲೇ ಜೋಡಿ ಆರು ಬಿದ್ದಿತ್ತು. ಆ ಒಂದರಿಂದಲೇ 16, ಕೊನೆಗೆ ಹೊಸದಾಗಿ ಬಂದದ್ದು ಇನ್ನೊಂದು. ಲೂರಿಯಾ ಮತ್ತು ಡೆಲ್‌ಬ್ರುಕ್ ತಮ್ಮ ಟ್ಯೂಬುಗಳಲ್ಲಿ ಕಂಡದ್ದು ಈ ಎರಡನೇ ಬಗೆಯ ಲೆಕ್ಕವನ್ನೇ. ಕೆಲವು ಟ್ಯೂಬಿನಲ್ಲಿ ಏನೂ ಇಲ್ಲ, ಕೆಲವದರಲ್ಲಿ ಬಂಪರ್. ಅಂದರೆ ಗುಣ ಮೊದಲೇ ಬಂದಿತ್ತು. ಮದ್ದು ಅದನ್ನು ಹುಟ್ಟಿಸುವುದಿಲ್ಲ, ಉಳಿದವನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ. ಕೇರಳದಲ್ಲಿ 2018ರಿಂದ ಆಂಟಿಬಯೋಟಿಕ್ ಪ್ರತಿರೋಧದ ವಿರುದ್ಧ ರಾಜ್ಯಮಟ್ಟದ ಕ್ರಿಯಾಯೋಜನೆ ಉಂಟು. ಡಾಕ್ಟರರ ಚೀಟಿ ಇಲ್ಲದೆ ಮಾತ್ರೆ ಯಾಕೆ ಕೊಡಬಾರದು ಅಂತ ಆ ಬೀಜಗಳನ್ನು ಎಣಿಸಿದ ಮೇಲೆ ನಾನು ಬೇರೆ ಹೇಳಬೇಕಾಗಲಿಲ್ಲ.

ರೋಗ ಹರಡುವುದನ್ನು ತೋರಿಸಲು ಸುಣ್ಣ ಮತ್ತು ಅರಸಿನ ಸಾಕು. ಮದುವೆಮನೆಯಲ್ಲಿ ಆರತಿಗೆ ಕೆಂಪು ನೀರು ಮಾಡುತ್ತಾರಲ್ಲ, ಅದೇ ಸಂಗತಿ. 32 ಜನರ ಕೈಯಲ್ಲಿ 32 ಲೋಟ. 31ರಲ್ಲಿ ಬರೀ ನೀರು, ಒಂದರಲ್ಲಿ ಸುಣ್ಣದ ತಿಳಿನೀರು. ನೋಡಲು ಎಲ್ಲ ಒಂದೇ. ಯಾರದ್ದು ಅಂತ ನನಗೆ ಮಾತ್ರ ಗೊತ್ತು. ಮೂರು ಸುತ್ತು, ಪ್ರತಿ ಸುತ್ತಿನಲ್ಲೂ ಬೇರೆ ಬೇರೆಯವರ ಜೊತೆ ನೀರು ಬೆರೆಸಿ ಅರ್ಧರ್ಧ ಹಂಚಿಕೊಳ್ಳಬೇಕು. ಯಾರ ಜೊತೆ ಅಂತ ಬರೆದಿಡಬೇಕು. ಆಮೇಲೆ ಎಲ್ಲರ ಲೋಟಕ್ಕೂ ಒಂದೊಂದು ಹನಿ ಅರಸಿನ ನೀರು. ಎಷ್ಟು ಕೆಂಪಾಗಬಹುದು? ಹೆಚ್ಚೆಂದರೆ ಎಂಟು. ಕೆಲವರು ಮೂರು ಅಂತ ಬರೆದಿರುತ್ತಾರೆ, ಸುತ್ತು ಮೂರು ಅಂತ. (ಸುಣ್ಣದ ನೀರು ಕಣ್ಣಿಗೆ ಹಾರಬಾರದು, ಕುಡಿಯಬಾರದು. ಇದನ್ನು ಮೊದಲೇ ಹೇಳಿ.)

ಒಳ್ಳೆಯ ಭಾಗ ಆಮೇಲಿನದು. ಪಟ್ಟಿ ನೋಡುತ್ತಾ ಹಿಂದೆ ಹಿಂದೆ ಹೋಗಿ ಮೂಲ ಯಾರು ಅಂತ ಹುಡುಕಬೇಕು. ಎಂಟರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಬರುತ್ತಾರೆ. ಅಲ್ಲಿ ಗಾಡಿ ನಿಲ್ಲುತ್ತದೆ. ಮೊದಲ ಸುತ್ತಿನಲ್ಲಿ ಬೆರೆಸಿಕೊಂಡ ಇಬ್ಬರಲ್ಲಿ ಯಾರು ಯಾರಿಗೆ ಕೊಟ್ಟರು? ಪಟ್ಟಿಯಿಂದ ಹೇಳಲು ಸಾಧ್ಯವೇ ಇಲ್ಲ. ಮೊದಲೇ ಸ್ವಲ್ಪ ನೀರು ತೆಗೆದಿಟ್ಟಿದ್ದರೆ ಮಾತ್ರ ಗೊತ್ತಾಗುತ್ತಿತ್ತು. ನಿಜವಾದ ರೋಗದಲ್ಲೂ ಶುರುವಿನ ಸ್ಯಾಂಪಲ್ ಸಿಗದಿದ್ದರೆ ಮೂಲ ಹುಡುಕುವವರು ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿದ ದಿನವೂ ಕೊನೆಗೆ ಒಬ್ಬ ಬಂದು ಕೇಳುತ್ತಾನೆ: "ಸಾರ್, ಇವತ್ತು ಪಾಠ ಆಗ್ಲಿಲ್ಲ ಅಲ್ವಾ?" ಮೊದಲು ಬೇಜಾರಾಗುತ್ತಿತ್ತು. ಆಮೇಲೆ ತಿಳಿಯಿತು, ಇದು ನಮ್ಮೂರಿನ ರೋಗ ಅಲ್ಲ. 2019ರಲ್ಲಿ ಹಾರ್ವರ್ಡಿನ ಫಿಸಿಕ್ಸ್ ತರಗತಿಗಳಲ್ಲಿ ನೋಡಿದಾಗ, ತಾವೇ ತಲೆಕೆಡಿಸಿಕೊಂಡು ಲೆಕ್ಕ ಬಿಡಿಸಿದ ಮಕ್ಕಳು ಪರೀಕ್ಷೆಯಲ್ಲಿ ಜಾಸ್ತಿ ಕಲಿತದ್ದು ಕಂಡುಬಂತು. ಆದರೆ ಅವರಿಗೆ ತಾವು ಕಮ್ಮಿ ಕಲಿತೆವು ಅಂತ ಅನಿಸಿತ್ತು. ಸೊಗಸಾದ ಭಾಷಣ ಕೇಳಿದಾಗ ಎಲ್ಲ ಅರ್ಥವಾದಂತೆ ಇರುತ್ತದೆ. ಸ್ವತಃ ಮಾಡುವಾಗ ತಡವರಿಸುತ್ತೇವೆ. ಆ ತಡವರಿಕೆಯನ್ನೇ ದಡ್ಡತನ ಅಂದುಕೊಳ್ಳುತ್ತೇವೆ. ಹಾಗಾಗಿ ವರ್ಷದ ಮೊದಲ ವಾರವೇ ಈ ಕಥೆ ಹೇಳಿಬಿಡುವುದು ಒಳ್ಳೆಯದು.

ಓದುವುದರಲ್ಲೂ ಹೀಗೇ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರು ಮುಂದೆ. ಒಂದು ವಾರದ ನಂತರ ಬರೆದವರು ಮುಂದೆ. ಅದಕ್ಕೇ ನನ್ನ ಕ್ಲಾಸ್ ಶುರುವಾಗುವುದು ಹಿಂದಿನ ವಾರದ ಎರಡು ಪ್ರಶ್ನೆಯಿಂದ. ಐದೇ ನಿಮಿಷ.

ಭಾಷೆಯ ವಿಷಯ ಬಿಟ್ಟರೆ ಇಲ್ಲಿಯ ಕಥೆ ಪೂರ್ತಿಯಾಗುವುದಿಲ್ಲ. ಕನ್ನಡ ಮೀಡಿಯಂನಲ್ಲಿ ಹತ್ತರವರೆಗೆ ಓದಿದವರು, ಮಲಯಾಳ ಮೀಡಿಯಂನವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ. ಪುಸ್ತಕ, ಪರೀಕ್ಷೆ ಇಂಗ್ಲಿಷಿನಲ್ಲಿ. ಚೀಟಿಯನ್ನು ಯಾವ ಭಾಷೆಯಲ್ಲಾದರೂ ಬರೆಯಿರಿ ಅಂತ ಬಿಟ್ಟ ದಿನದಿಂದ ಚೀಟಿಗಳು ಉದ್ದವಾದವು. ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಗೆರೆ ಎಳೆದು ಬಿಡಿಸುವುದನ್ನು ಒಬ್ಬ ಹುಡುಗ ತುಳುವಿನಲ್ಲಿ ವಿವರಿಸಿದ್ದು ಹೀಗೆ: ಕಾವಲಿಯಲ್ಲಿ ದೋಸೆ ಹಿಟ್ಟು ಎಳೆಯುತ್ತಾ ಹೋದ ಹಾಗೆ, ಕೊನೆಗೆ ಸೌಟಿನಲ್ಲಿ ಹಿಟ್ಟೇ ಇಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕೆ. ಆ ಚುಕ್ಕೆಯೇ ನಮಗೆ ಬೇಕಾದ ಬಿಡಿ ಕಾಲನಿ. ಇಂಗ್ಲಿಷ್ ಶಬ್ದ ಅವನಿಗೆ ಆಮೇಲೆ ಬಂತು.

ಮನೆಯ ತೋಟವೂ ಪಾಠವೇ. ಅಡಿಕೆಯ ಕೊಳೆರೋಗ, ನಮ್ಮ ಕಡೆ ಮಹಾಳಿ ಅಂತಲೂ ಹೇಳುತ್ತಾರೆ, ಮಳೆಗಾಲದಲ್ಲಿ ಯಾಕೆ? ಎಲ್ಲರೂ "ಫಂಗಸ್" ಅಂತ ಬರೆಯುತ್ತಾರೆ. ಈ ರೋಗ ತರುವ ಫೈಟಾಫ್ತೊರಾ ನಿಜವಾದ ಫಂಗಸ್ ಅಲ್ಲ. ಕಂದು ಕಡಲಪಾಚಿಗಳ ನೆಂಟ. ಅದರ ಬೀಜಕಣಗಳಿಗೆ ಬಾಲ ಉಂಟು, ನೀರಿನಲ್ಲಿ ಈಜುತ್ತವೆ. ಅದಕ್ಕೇ ಮಳೆ ಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಅಂತ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ಮದ್ದು ಸಿಂಪಡಿಸುವುದು ಮಳೆಗೆ ಮೊದಲೇ ಯಾಕೆ ಅಂತ ಕೇಳಿದರೆ ಯೋಚನೆಗೆ ಬೀಳುತ್ತಾರೆ. ಮೈಲುತುತ್ತಿನ ತಾಮ್ರವು ಕಾಯಿಯ ಮೇಲೆ ಬಂದು ಕೂತ ಬೀಜಕಣ ಮೊಳೆಯದಂತೆ ತಡೆಯುತ್ತದೆ, ಒಳಗೆ ಇಳಿದದ್ದನ್ನು ಗುಣಪಡಿಸುವುದಿಲ್ಲ. ಪೇಟೆಯ ಹತ್ತಿರವೇ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಉಂಟು, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಒಂದು ದಿನ ಕರೆದುಕೊಂಡು ಹೋಗಲು ಬಸ್ಸಿನ ಖರ್ಚು ಸಾಕು.

ಹೊರದೇಶಗಳಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡುತ್ತಾರೆ. ಟೈನಿ ಅರ್ತ್ ಎಂಬ ಯೋಜನೆಯಲ್ಲಿ ಡಿಗ್ರಿ ಮಕ್ಕಳು ತಮ್ಮೂರಿನ ಮಣ್ಣಿನಲ್ಲಿ ಹೊಸ ಆಂಟಿಬಯೋಟಿಕ್ ಹುಡುಕುತ್ತಾರೆ. ಇನ್ನೊಂದು ಕಡೆ ಬ್ಯಾಕ್ಟೀರಿಯಾ ತಿನ್ನುವ ವೈರಸ್‌ಗಳನ್ನು, ಅಂದರೆ ಫೇಜ್‌ಗಳನ್ನು ಹಿಡಿಯುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಒಬ್ಬ ವಿದ್ಯಾರ್ಥಿನಿ ಕೊಳೆತ ಬದನೆಕಾಯಿಯಿಂದ ಒಂದು ಫೇಜ್ ಹಿಡಿದಳು, 'ಮಡ್ಡಿ' ಅಂತ ಅದರ ಹೆಸರು. ಯಾವ ಮದ್ದಿಗೂ ಬಗ್ಗದ ಸೋಂಕಿನಿಂದ ಸಾಯುವ ಸ್ಥಿತಿಯಲ್ಲಿದ್ದ ಬ್ರಿಟನ್ನಿನ ಹುಡುಗಿಗೆ ಕೊಟ್ಟ ಮೂರು ಫೇಜ್‌ಗಳಲ್ಲಿ ಅದೂ ಒಂದು. ಅವಳು ಚೇತರಿಸಿಕೊಂಡ ವರದಿ 2019ರಲ್ಲಿ ಪ್ರಕಟವಾಯಿತು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಪ್ರಾಜೆಕ್ಟಿಗೆ ಜಾಗ ಉಂಟು. ಹುಮ್ಮಸ್ಸು ಬೇಕು, ಜಾಗ್ರತೆಯೂ ಬೇಕು. ಎಲ್ಲಿಂದಲೋ ತಂದು ಬೆಳೆಸಿದ ತಟ್ಟೆಯ ಮುಚ್ಚಳ ತೆಗೆಯಬಾರದು, ಟೇಪ್ ಹಾಕಿಯೇ ನೋಡಬೇಕು. ಎಸೆಯುವ ಮೊದಲು 121 ಡಿಗ್ರಿಯಲ್ಲಿ ಬೇಯಿಸಬೇಕು. ಆಟೋಕ್ಲೇವ್ ಇಲ್ಲದ ಲ್ಯಾಬಿನಲ್ಲಿ ಪ್ರೆಶರ್ ಕುಕ್ಕರ್ ಆದೀತು, ಆದರೆ ಅದರಲ್ಲಿ ಮತ್ತೆ ಅನ್ನ ಮಾಡುವಂತಿಲ್ಲ. 2011ರಲ್ಲಿ ಅಮೆರಿಕದಲ್ಲಿ ಪಾಠದ ಲ್ಯಾಬ್‌ಗಳಿಗೆ ಸಂಬಂಧಿಸಿದ ಸಾಲ್ಮೊನೆಲ್ಲಾ ಸೋಂಕಿನಿಂದ 109 ಜನ ಕಾಯಿಲೆ ಬಿದ್ದಿದ್ದರು. ಲ್ಯಾಬಿನ ಪೆನ್ನನ್ನು ಬಾಯಿಗಿಡುವವರಿಗೆ ನಾನು ಈ ಸಂಖ್ಯೆ ಹೇಳುತ್ತೇನೆ.

ನಮ್ಮಲ್ಲಿ ಸದ್ಯಕ್ಕೆ ನಡೆಯುತ್ತಿರುವುದು ಉದ್ದಿನ ದೋಸೆ ಹಿಟ್ಟಿನ ಜಗಳ. ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಲ್ಯೂಕೋನಾಸ್ಟಾಕ್. ಅದು ಬರುವುದು ಉದ್ದು, ಅಕ್ಕಿಯ ಜೊತೆಗೇ. ಆದರೆ ಒಬ್ಬಳ ಅಜ್ಜಿ, "ಕೈ ಹಾಕಿ ಕಲಸದಿದ್ದರೆ ಹುಳಿ ಬರುವುದಿಲ್ಲ ಮಗಾ" ಅಂದರಂತೆ. ಚೀಟಿ ಹಾಕಿದೆವು. ಕ್ಲಾಸ್ ಎರಡು ಪಾಲಾಯಿತು. ನಾಲ್ಕು ಮನೆಗಳಲ್ಲಿ ಒಂದೇ ಹಿಟ್ಟನ್ನು ಎರಡು ಲೋಟಕ್ಕೆ ಹಾಕಿ, ಒಂದನ್ನು ಕೈಯಲ್ಲಿ, ಇನ್ನೊಂದನ್ನು ಸೌಟಿನಲ್ಲಿ ಕಲಸಿದರು. ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್. ಗಂಟೆಗೊಮ್ಮೆ ಸ್ಕೇಲಿನಲ್ಲಿ ಅಳತೆ. ಮೂರು ಮನೆಗಳಲ್ಲಿ ಎರಡೂ ಲೋಟ ಒಂದೇ ಸಮ ಉಬ್ಬಿದವು. ಅಜ್ಜಿಯ ಮನೆಯಲ್ಲಿ ಮಾತ್ರ ಕೈಯದ್ದು ಒಂದು ಗಂಟೆ ಮುಂದೆ. ಅಜ್ಜಿ ಗೆದ್ದರು ಅಂತ ಅರ್ಧ ಕ್ಲಾಸ್ ಚಪ್ಪಾಳೆ ಹೊಡೆಯಿತು. ಆಮೇಲೆ ವಿಚಾರಿಸಿದರೆ ಆ ಲೋಟ ಇದ್ದದ್ದು ಒಲೆಯ ಪಕ್ಕದಲ್ಲಿ, ಸೌಟಿನದ್ದು ಕಿಟಕಿಯ ಹತ್ತಿರ. ಜಾಗ ಅದಲುಬದಲು ಮಾಡಿ ಮತ್ತೊಮ್ಮೆ ನೋಡಬೇಕು. ಬರುವ ಶನಿವಾರ ಉದ್ದು ನೆನೆಹಾಕುತ್ತಾರಂತೆ. ಹೊಸ ಚೀಟಿಗಳು ಡಬ್ಬಿಯಲ್ಲಿವೆ. ಅಜ್ಜಿಯೂ ಒಂದು ಕಳಿಸಿದ್ದಾರೆ.